ಚನ್ನಾಂಬಿಕೆಯ ಏಕಾಕ್ಷರಾಸ್ತ್ರ ಮತ್ತು ಉಳ್ಳಾಗಡ್ಡಿಯ ಸಿಪ್ಪೆ

ಎಲೌ ಮೌನವೇ! ಕಪಾಟುಗಳ ಸಂದಿಯಲ್ಲಿ ಧೂಳಿನೊಡನೆ ಸಂಸಾರ ಹೂಡಿರುವವಳೇ, ಪುಟ ಮಗುಚುವ ಸದ್ದಿಗೂ ಹುಬ್ಬು ಗಂಟಿಕ್ಕುವವಳೇ, ಈ ಕಥೆ ಮುಗಿಯುವ ತನಕ ದಯಮಾಡಿ ಹೊರಗಿನ ಕಟ್ಟೆಯ ಮೇಲೆ ಕುಳಿತಿರು. ಯಾಕೆಂದರೆ ನಾನೀಗ ಹಾಡಹೊರಟಿರುವುದು ನಿನ್ನ ಪರಮಭಕ್ತೆಯ ಚರಿತೆಯನ್ನು. ನಿನ್ನನ್ನು ವರುಷಾನುವರುಷ ಪೂಜಿಸಿದವಳೇ ಒಂದು ಐತವಾರದ ಮುಂಜಾನೆ ನಿನ್ನನ್ನು ಕೈಹಿಡಿದು ಹೊರಗೆ ಬಿಟ್ಟ ಕಥೆಯಿದು. ನಿನ್ನೆದುರಿಗೇ ಅದನ್ನು ಹೇಳಲು ನನಗೆ ಸಂಕೋಚ.

ಅದು ಮೊಬೈಲ್ ಯುಗದ ಮಧ್ಯಕಾಲ. ಊರಿಗೊಂದು ಟವರು ಎದ್ದು ನಿಂತು, ಪ್ರಶ್ನೆ ಹುಟ್ಟುವ ಮೊದಲೇ ಉತ್ತರವು ಅಂಗೈಯಲ್ಲಿ ಮಿನುಗುತ್ತಿದ್ದ ಕಾಲ. ಅಂಥ ಕಾಲದಲ್ಲಿ ಹಾವೇರಿ ಸೀಮೆಯ ಮೆಣಸಿನಕಾಯಿ ಘಾಟಿನ ನಡುವೆ ಬೆಳಗಲ್‌ಕೊಪ್ಪವೆಂಬ ಗ್ರಾಮವೂ, ಆ ಗ್ರಾಮದಲ್ಲಿ ಪಂಚಾಯಿತಿಯ ಬೆನ್ನಿಗೊಂದು ಗ್ರಂಥಾಲಯವೂ, ಆ ಗ್ರಂಥಾಲಯದಲ್ಲಿ ಮೂರು ಕಪಾಟು, ಒಂದು ಉದ್ದನೆಯ ಮೇಜು ಹಾಗೂ ಚನ್ನಾಂಬಿಕೆಯೂ ಇದ್ದರು.

ಯಾರೀ ಚನ್ನಾಂಬಿಕೆ? ಕಪಾಟುಸಂಕುಲರಕ್ಷಾಮಣಿ, ಮುರಿದಬೆನ್ನಿನಪುಸ್ತಕಗಳ ಗೋಂದುಸಂಜೀವಿನಿ, ಗೆದ್ದಲುಕುಲಕಾಲರಾತ್ರಿ, ಹರಟೆಮಲ್ಲಮದಮರ್ದಿನಿ! (ಇಂಥ ಸಮಾಸಗಳನ್ನು ಕಂಡು ಪಂಡಿತರು ಸಿಟ್ಟಾಗಬಾರದು. ಆಕೆಯ ಪ್ರತಾಪವು ಒಂದೇ ಭಾಷೆಯಲ್ಲಿ ಹಿಡಿಸುವಂಥದ್ದಲ್ಲ.) ಆಕೆ ಆ ಊರಿನ ಗ್ರಂಥಪಾಲಕಿ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ, ಕೊರಳಲ್ಲಿ ಬೀಗದ ಕೈಗಳ ಗೊಂಚಲನ್ನು ಪದಕದಂತೆ ತೊಟ್ಟು, ಬಾಗಿಲೆದುರಿನ ಕುರ್ಚಿಯಲ್ಲಿ ಆಕೆ ವಿರಾಜಿಸಿದಳೆಂದರೆ ಗೋಡೆಯ ಹಲ್ಲಿ ಕೂಡ ಲೊಚಗುಟ್ಟಲು ಹಿಂದುಮುಂದು ನೋಡುತ್ತಿತ್ತು.

ಆಕೆಯ ಬಳಿ ಒಂದು ಮಹಾಸ್ತ್ರವಿತ್ತು. ಅದಕ್ಕೆ ಬತ್ತಳಿಕೆ ಬೇಡ, ಬಿಲ್ಲು ಬೇಡ. ಬಲಗೈಯ ತೋರುಬೆರಳು ತುಟಿಗೆ ತಾಗಬೇಕು, ಹಲ್ಲು ಕೂಡಬೇಕು, ಅಷ್ಟೆ.

"ಶ್!"

ಈ ಏಕಾಕ್ಷರಾಸ್ತ್ರವು ಹೊರಟಿತೆಂದರೆ ಪಿಸುಗುಡುತ್ತಿದ್ದ ಬಾಯಿ ತೆರೆದಂತೆಯೇ ನಿಲ್ಲುತ್ತಿತ್ತು, ಬಂದ ಕೆಮ್ಮು ಗಂಟಲಿನಿಂದ ಹಿಂದಕ್ಕೆ ಹೋಗುತ್ತಿತ್ತು. ಶಾಲೆಯ ಮಾಸ್ತರರು ಬೆತ್ತ ಹಿಡಿದೂ ಸಾಧಿಸಲಾಗದ್ದನ್ನು ಆಕೆ ಬರೀ ಉಸಿರಿನಿಂದ ಸಾಧಿಸಿದ್ದಳು. ಊರಿನ ಮಕ್ಕಳು ಗ್ರಂಥಾಲಯದ ಹೊಸ್ತಿಲಲ್ಲಿ ಚಪ್ಪಲಿಯ ಜೊತೆಗೆ ಮಾತನ್ನೂ ಕಳಚಿಟ್ಟು ಒಳಗೆ ಬರುತ್ತಿದ್ದರು. ಇದರ ಬಗ್ಗೆ ಆಕೆಗೆ ಹೆಮ್ಮೆಯಿತ್ತು. ಸುಳ್ಳು ಯಾಕೆ ಹೇಳಲಿ, ತುಸು ಜಂಬವೇ ಇತ್ತು.

ಈ ಅಸ್ತ್ರಕ್ಕೆ ಜಗ್ಗದ ವೀರನು ಊರಿನಲ್ಲಿ ಒಬ್ಬನೇ. ಆತನೇ ಫಕ್ಕೀರಪ್ಪಜ್ಜ, ಬಸ್ಸಿನ ನಿವೃತ್ತ ಚಾಲಕ, ಘಟ್ಟಘರ್ಷಣಪಟು, ಗೇರುಗದಾಧರ. ಎಂಜಿನ್ನಿನ ಮಗ್ಗುಲಲ್ಲೇ ಆಯುಷ್ಯ ಸವೆಸಿದ ಆತನ ಕಿವಿಗಳಿಗೆ ಚನ್ನಾಂಬಿಕೆಯ 'ಶ್' ಎಂಬುದು ಕೇಳಿಸುತ್ತಲೇ ಇರಲಿಲ್ಲ. ಮೇಲಾಗಿ ಆತನು ಪತ್ರಿಕೆಯನ್ನು ಗಟ್ಟಿಯಾಗಿಯೇ ಓದುತ್ತಿದ್ದ. ಓದಿದ್ದು ತನ್ನ ಕಿವಿಗೆ ಬೀಳದಿದ್ದರೆ ಅದು ಓದೇ ಅಲ್ಲವೆಂಬುದು ಆತನ ಮತ. ದಿನವೂ ಮುಂಜಾನೆ ಆತನು ಪೂರ್ವದಿಕ್ಕಿನ ಕಿಟಕಿಯ ಕುರ್ಚಿಯನ್ನು ಆಕ್ರಮಿಸಿ, "ಮಾರುಕಟ್ಟೇಯಲ್ಲಿ... ಒಣಾ ಮೆಣಸಿನಕಾಯೀ..." ಎಂದು ಆರಂಭಿಸಿದನೆಂದರೆ ಚನ್ನಾಂಬಿಕೆಯ ತುಟಿಯಿಂದ ಅಸ್ತ್ರಗಳು ಸಾಲುಸಾಲಾಗಿ ಹೊರಟು, ಆತನ ಕಿವಿಯ ಬಿಳಿಗೂದಲಿಗೆ ತಾಗಿ, ಕೆಲಸಕ್ಕೆ ಬಾರದೆ ಉದುರುತ್ತಿದ್ದವು.

ಇಂತಿರಲು, ಜಿಲ್ಲಾಕೇಂದ್ರದಿಂದ ಕರೆ ಬಂತು. ಇನ್ನು ಮುಂದೆ ಗ್ರಂಥಪಾಲಕರು ಬರೀ ಪುಸ್ತಕ ಕಾದರೆ ಸಾಲದು, ತಮ್ಮ ತಮ್ಮ ಊರಿನ ಮಕ್ಕಳಿಗೂ ಹಿರಿಯರಿಗೂ ವಿಜ್ಞಾನದ ಕಾರ್ಯಕ್ರಮ ನಡೆಸಬೇಕು, ಅದಕ್ಕೆ ತರಬೇತಿಯುಂಟು, ತಪ್ಪದೆ ಬರತಕ್ಕದ್ದು.

ಆ ತರಬೇತಿಯ ಸಭೆಯನ್ನು ವರ್ಣಿಸಲು ನನ್ನ ನಾಲಿಗೆ ಸೋಲುತ್ತದೆ. ಅಲ್ಲಿ ವರ್ಣಿಸಲು ಏನೂ ನಡೆಯಲೇ ಇಲ್ಲ! ಸೀಮೆಯ ಸಮಸ್ತ ಗ್ರಂಥಪಾಲಕರೂ ಒಂದೇ ಕೋಣೆಯಲ್ಲಿ ಸೇರಿದಾಗ ಆದದ್ದು ಇಷ್ಟೇ, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ತರಬೇತಿ ಕೊಡಲು ಬಂದಿದ್ದ ಮೆಹರುನ್ನೀಸಾ ಮೇಡಂ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವರು, ಗದ್ದಲದಲ್ಲಿ ಬದುಕಿದವರು. ಅವರಿಗೆ ಆ ನಿಶ್ಶಬ್ದ ಕಂಡು ಗಾಬರಿಯಾಯಿತು.

"ಯಾರರ ಏನರ ಅನ್ರೀ! ನಾ ಒಬ್ಬಾಕಿನ ಮಾತಾಡಾಕತ್ತೇನಿ. ಗ್ವಾಡಿ ಕೂಡ ಮಾತಾಡಿದಂಗ ಆಗೈತಿ ನನಗ."

ಗೋಡೆ ಸುಮ್ಮನಿತ್ತು. ಗ್ರಂಥಪಾಲಕರೂ ಸುಮ್ಮನಿದ್ದರು.

ಕೊನೆಗೆ ಮೇಡಂ ಪೆಟ್ಟಿಗೆಯೊಂದನ್ನು ತೆರೆದು ಸೂಕ್ಷ್ಮದರ್ಶಕವನ್ನು ಹೊರತೆಗೆದರು. ಉಳ್ಳಾಗಡ್ಡಿ, ಅಂದರೆ ತೆಂಕಣದವರ ಈರುಳ್ಳಿ, ಅದರ ಒಂದು ಪದರದ ಒಳಮೈಯಿಂದ ತೆಳ್ಳನೆಯ ಸಿಪ್ಪೆ ಸುಲಿದು, ಗಾಜಿನ ಮೇಲೆ ಹರಡಿ, ಒಂದು ಹನಿ ಅಯೋಡಿನ್ ಬಿಟ್ಟು, "ಬರ್ರಿ, ಕಣ್ಣ ಹಚ್ಚಿ ನೋಡ್ರಿ" ಎಂದರು. ಚನ್ನಾಂಬಿಕೆ ಕಣ್ಣು ಹಚ್ಚಿದಳು. ಮೊದಲು ಕಂಡದ್ದು ತನ್ನದೇ ರೆಪ್ಪೆಯ ಕೂದಲು. ಆಮೇಲೆ ಕತ್ತಲೆ. ಆಮೇಲೆ, ಸಹೃದಯರೇ, ಇದ್ದಕ್ಕಿದ್ದಂತೆ ಒಂದು ಇಡೀ ಊರು! ಇಟ್ಟಿಗೆ ಜೋಡಿಸಿದಂತೆ ಮನೆಗಳು, ಮನೆಗೊಂದು ಗೋಡೆ, ಮನೆಯೊಳಗೆ ಒಂದೊಂದು ಕಂದು ಚುಕ್ಕೆ.

"ಅಯ್ಯ!" ಎಂದು ಆಕೆ ಜೋರಾಗಿಯೇ ಅಂದಳು. "ಇದು ದಿನಾ ಹೆಚ್ಚತೀನಲ್ಲ, ಅದ ಉಳ್ಳಾಗಡ್ಡಿ ಏನ್ರೀ?"

ಕೋಣೆಯೆಲ್ಲ ತಿರುಗಿ ನೋಡಿತು. ಶಾಲೆ ಬಿಟ್ಟ ಮೇಲೆ ಆಕೆ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು. ಆಕೆಗೆ ಸಂತೋಷವಾಯಿತು, ನಾಚಿಕೆಯಾಯಿತು, ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು. ಇಷ್ಟು ವರ್ಷ ಕಣ್ಣೀರು ಸುರಿಸುತ್ತ ಉಳ್ಳಾಗಡ್ಡಿ ಹೆಚ್ಚಿದ್ದೇನೆ, ಇದರೊಳಗೆ ಇಷ್ಟು ಚೆಂದವಿದೆಯೆಂದು ಒಬ್ಬರಾದರೂ ನನಗೆ ಹೇಳಬಾರದಿತ್ತೇ? ಆ ಯಂತ್ರ ತನ್ನ ಗ್ರಂಥಾಲಯಕ್ಕೆ ಬೇಕೇ ಬೇಕೆಂದು ಆಕೆ ಆ ಗಳಿಗೆಯಲ್ಲೇ ಮನಸ್ಸು ಮಾಡಿದಳು.

ಆದರೆ ಯಂತ್ರಗಳು ಕಡಿಮೆ, ಊರುಗಳು ಹೆಚ್ಚು. ಮೇಡಂ ಕರಾರು ಹಾಕಿದರು. "ಐತವಾರ ನಿಮ್ಮೂರಿಗೆ ನಾನ ಬರ್ತೀನಿ. ಕಾರ್ಯಕ್ರಮ ನೀವು ಮಾಡ್ರಿ, ನಾ ಹಿಂದ ಕುಂದ್ರತೀನಿ. ನೋಡಾಕ ಬಂದವರೊಳಗ ಒಬ್ಬರರ ತಾವಾಗಿ ಪ್ರಶ್ನೆ ಕೇಳಿದ್ರ ಯಂತ್ರ ನಿಮ್ಮಲ್ಲೇ ಇರ್ತೈತಿ. ಮೊದಲ ಹೇಳಿಕೊಟ್ಟು ಕೇಳಿಸಿದ್ರ ನಡಿಯಂಗಿಲ್ಲ. ಯಾರೂ ಕೇಳಲಿಲ್ಲಂದ್ರ ಪೆಟ್ಟಿಗಿ ಮುಂದಿನ ಊರಿಗೆ ಹೋಗತೈತಿ."

ಒಂದೇ ಒಂದು ಪ್ರಶ್ನೆ! ಚನ್ನಾಂಬಿಕೆ ಮನಸ್ಸಿನಲ್ಲೇ ನಕ್ಕಳು. ಮಕ್ಕಳೆಂದರೆ ಪ್ರಶ್ನೆಯ ಗಣಿಗಳಲ್ಲವೇ? ಅಯ್ಯೋ ಮುಗ್ಧೆ! ಆ ಗಣಿಗಳ ಬಾಯಿಗೆ ವರುಷಗಟ್ಟಲೆ ಬಂಡೆ ಉರುಳಿಸಿದವರು ಯಾರೆಂಬುದು ಆಕೆಗೆ ಆಗ ಹೊಳೆಯಲಿಲ್ಲ.

ಅಭ್ಯಾಸಕ್ಕೆಂದು ಮೇಡಂ ಮೊದಲೇ ಕೊಟ್ಟು ಕಳಿಸಿದ್ದ ಯಂತ್ರವನ್ನು ಶನಿವಾರ ಮುಂಜಾನೆ ಮೇಜಿನ ಮೇಲಿಟ್ಟು ನೋಡುತ್ತಾಳೆ, ಕತ್ತಲೆ! ಆ ಯಂತ್ರಕ್ಕೆ ದೀಪವಿರಲಿಲ್ಲ. ಕೆಳಗೊಂದು ಪುಟ್ಟ ಕನ್ನಡಿಯಿತ್ತು. ಕಿಟಕಿಯ ಬೆಳಕು ಆ ಕನ್ನಡಿಗೆ ಬಿದ್ದು ಮೇಲೇರಬೇಕು. ಗ್ರಂಥಾಲಯದಲ್ಲಿ ಮುಂಜಾನೆಯ ಬೆಳಕು ಬರುವ ಕಿಟಕಿಯಾದರೋ ಒಂದೇ ಒಂದು. ಆ ಗವಾಕ್ಷದುರ್ಗದಲ್ಲಿ ಕಾಲು ಚಾಚಿ, ಪತ್ರಿಕೆಯನ್ನು ಧ್ವಜಪಟದಂತೆ ಬಿಚ್ಚಿ ಕುಳಿತಿದ್ದವನು ಫಕ್ಕೀರಪ್ಪಜ್ಜ.

ಆಗ ನಡೆಯಿತು ನೋಡಿ ವಾಕ್ಸಮರ! ಮೊದಲು ನಮ್ಮ ನಾಯಕಿ, ಸೆರಗನ್ನು ಇನ್ನೊಮ್ಮೆ ಬಿಗಿದು, ಹೀಗೆಂದಳು:

"ಎಲೈ ಪತ್ರಿಕಾಪಾರಾಯಣಪಾರಂಗತನೇ! ಗೆದ್ದಲಿನ ಅಕ್ಷೌಹಿಣಿಯನ್ನು ಸೀಮೆಎಣ್ಣೆಯಿಂದ ಸಂಹರಿಸಿದ, ಸೋರುವ ಸೂರಿನ ಕೆಳಗೆ ಪುಸ್ತಕಗಳಿಗೆ ಸೀರೆಯನ್ನೇ ಹೊದಿಸಿ ಕಾಪಾಡಿದ ಚನ್ನಾಂಬಿಕೆಯು ಕೇಳುತ್ತಿದ್ದಾಳೆ. ನಾಳೆಯೊಂದು ದಿನ ಈ ಬೆಳಕಿನ ಕೋಟೆಯನ್ನು ನನಗೆ ಒಪ್ಪಿಸು. ಇಲ್ಲವಾದರೆ ವಿಜ್ಞಾನವು ಈ ಊರಿನ ಹೊಸ್ತಿಲಿನಿಂದಲೇ ಹಿಂದಿರುಗಿದ ಪಾತಕವು ನಿನ್ನ ತಲೆಗೆ!"

ಅದಕ್ಕೆ ಅಜ್ಜನು ಕನ್ನಡಕದ ಮೇಲಿಂದ ದಿಟ್ಟಿಸಿ, ಗುಡುಗಿದನು:

"ಎಲೌ ಬಾಲೆ! ಘಟ್ಟದ ತಿರುವಿನಲ್ಲಿ ಎದುರಾದ ಲಾರಿಗೇ ದಾರಿ ಬಿಡದ ಭುಜಗಳಿವು. ನನ್ನ ಹಾರ್ನಿನ ಸದ್ದಿಗೆ ಸೀಮೆಯ ಎತ್ತುಗಳೆಲ್ಲ ಸರಿದು ನಿಂತಿವೆ. ಅಂಥ ನಾನು ಒಂದು ಕೊಳವೆಗೆ ಅಂಜಿ ಸಿಂಹಾಸನ ಬಿಡುವೆನೇ? ಬೇಕಾದರೆ ಸೂರ್ಯನೇ ಆಚೆಯ ಕಿಟಕಿಗೆ ಸರಿಯಲಿ, ಫಕ್ಕೀರಪ್ಪನು ಸರಿಯನು!"

ಕಥೆ ಕಟ್ಟುವ ನಾವು ಹೀಗೆ ಬರೆಯುತ್ತೇವೆ. ಅವರು ನಿಜಕ್ಕೂ ಆಡಿದ್ದು ಇಷ್ಟು:

"ಅಜ್ಜಾರ, ನಾಳಿ ಒಂದಿನ ಆ ಕಡೆ ಕುಂದ್ರತೀರೇನು?"

"ಆಂ?"

"ನಾಳಿ! ಆ ಕಡೆ!"

"ನಾ ಏಳಂಗಿಲ್ಲವಾ ತಂಗಿ. ಇಲ್ಲೇ ಬೆಳಕ ಬೀಳತೈತಿ. ಬ್ಯಾರೆ ಕಡೆ ಕುಂತ್ರ ನನಗ ಅಕ್ಷರ ಕಾಣಂಗಿಲ್ಲ."

ಅದು ನಿಜವೂ ಆಗಿತ್ತು. ಚನ್ನಾಂಬಿಕೆಗೆ ಸಿಟ್ಟಿನ ನಡುವೆಯೂ ಅಯ್ಯೋ ಅನ್ನಿಸಿತು. ಆಗ ಆಕೆ ಯುದ್ಧ ಬಿಟ್ಟು ಸಂಧಿಗೆ ಇಳಿದಳು. ಆ ಗ್ರಂಥಾಲಯದಲ್ಲಿ ಒಂದು ಪದ್ಧತಿಯಿತ್ತು. ಪತ್ರಿಕೆ ಬಂದೊಡನೆ ಅದನ್ನು ಹಾಳೆಹಾಳೆಯಾಗಿ ಬಿಡಿಸಿ ಓದುಗರಿಗೆ ಹಂಚುವುದು. ಮುಖಪುಟ ಒಬ್ಬರ ಕೈಗೆ, ಆಟದ ಪುಟ ಇನ್ನೊಬ್ಬರಿಗೆ, ಪೇಟೆ ಧಾರಣೆ ಮತ್ತೊಬ್ಬರಿಗೆ. ಓದು ಮುಗಿದಂತೆ ಹಾಳೆಗಳು ಸುತ್ತು ಹೊಡೆಯುತ್ತಿದ್ದವು. ಮುಖಪುಟದ ಸುದ್ದಿ 'ಆರನೇ ಪುಟಕ್ಕೆ' ಎಂದು ನಿಂತಾಗ ಆ ಆರನೇ ಪುಟವು ಸದಾ ಬೇರೆಯವರ ಕೈಯಲ್ಲಿರುತ್ತಿತ್ತು. ಇಡೀ ಪತ್ರಿಕೆಯನ್ನು ಒಂದೇ ಏಟಿಗೆ ಓದುವ ಭಾಗ್ಯ ಅಜ್ಜನಿಗೆ ನಿವೃತ್ತಿಯಾದಾಗಿನಿಂದ ಸಿಕ್ಕಿರಲಿಲ್ಲ.

"ಅಜ್ಜಾರ," ಎಂದು ಆಕೆ ಆತನ ಕಿವಿಯ ಹತ್ತಿರ ಬಗ್ಗಿ ಕೂಗಿದಳು, "ನಾಳಿ ಇಡೀ ಪೇಪರ್ ನಿಮಗ! ಒಂದು ಹಾಳಿನೂ ಬಿಡಿಸಿ ಹಂಚಂಗಿಲ್ಲ. ಹೊರಗ ಕಟ್ಟಿ ಮ್ಯಾಲ ಕುರ್ಚಿ ಹಾಕಸ್ತೀನಿ. ಅಲ್ಲಿ ಬೆಳಕರ ಬೆಳಕು!"

ಅಜ್ಜನ ಕಣ್ಣು ಅರಳಿದವು. "ಇಡೀದ?"

"ಇಡೀದ."

"ಆರನೇ ಪುಟಾನೂ?"

"ಆರನೇ ಪುಟಾನೂ, ಅಜ್ಜಾರ."

ಹೀಗೆ ಒಂದು ಹನಿ ನೆತ್ತರೂ ಬೀಳದೆ ಗವಾಕ್ಷದುರ್ಗವು ಕೈವಶವಾಯಿತು.

ಐತವಾರ ಬಂತು. ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಅಜ್ಜನು ಹೊರಗಿನ ಕಟ್ಟೆಯನ್ನೇರಿ ಅಖಂಡಪತ್ರಿಕಾಸಾಮ್ರಾಜ್ಯವನ್ನು ತೊಡೆಯ ಮೇಲೆ ಹರಡಿಕೊಂಡನು. ಮಕ್ಕಳು ಬಂದರು, ಚಪ್ಪಲಿ ಬಿಟ್ಟರು, ರೂಢಿಯಂತೆ ಮಾತನ್ನೂ ಬಿಟ್ಟರು. ಚನ್ನಾಂಬಿಕೆ ಉಳ್ಳಾಗಡ್ಡಿಯನ್ನು ಎರಡು ಹೋಳು ಮಾಡಿ, ಸಿಪ್ಪೆ ಸುಲಿದು, ಹನಿ ಬಿಟ್ಟು, ಕನ್ನಡಿಯನ್ನು ತಿರುಗಿಸಿ ತಿರುಗಿಸಿ ಬೆಳಕು ಹಿಡಿದಳು. ಇಟ್ಟಿಗೆಯ ಊರು ಝಗ್ಗನೆ ಮೂಡಿತು.

ಮಕ್ಕಳು ಸಾಲಾಗಿ ಬಂದರು. ಒಂದೊಂದು ಮಗುವೂ ಕಣ್ಣು ಹಚ್ಚಿತು. ಒಂದೊಂದರ ಬಾಯಿಯೂ 'ಹಾ' ಎಂದು ತೆರೆಯಿತು. ತೆರೆದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡು ಒಂದೊಂದೂ ತನ್ನ ಜಾಗಕ್ಕೆ ಹೋಗಿ ಕೈಕಟ್ಟಿ ಕುಳಿತಿತು. ಸದ್ದಿಲ್ಲ.

"ಏನರ ಕೇಳೂದೈತೇನು?" ಎಂದು ಚನ್ನಾಂಬಿಕೆ ಕೇಳಿದಳು. ಆದರೆ ಆ ದನಿಗೆ ಬೇರೆ ರೂಢಿಯೇ ಇರಲಿಲ್ಲ, 'ಯಾರದು ಮಾತಾಡೂದು?' ಎಂದು ಗದರಿದಂತೆಯೇ ಅದು ಹೊರಟಿತು. ಮಕ್ಕಳು ಇದೇನೋ ಹೊಸ ಪರೀಕ್ಷೆಯೆಂದು ಬಗೆದು, ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ, ಉಸಿರನ್ನೂ ಅಳೆದು ಬಿಡತೊಡಗಿದರು. ಮುಂದಿನ ಸಾಲಿನಲ್ಲಿದ್ದ ರಕ್ಷಿತಾ ಎಂಬ ಹುಡುಗಿಯ ತುಟಿ ಏನೋ ಹೇಳಲು ಒಮ್ಮೆ ಅಲುಗಿತು. ಚನ್ನಾಂಬಿಕೆ ಆಸೆಯಿಂದ ಆಕೆಯನ್ನು ನೋಡಿದಳು. ನೋಡಿದೊಡನೆ ಹುಡುಗಿ ತುಟಿ ಕಚ್ಚಿಕೊಂಡು ನೆಲ ನೋಡಿದಳು.

ಆಗ ಆಕೆಗೆ ಅರ್ಥವಾಯಿತು. ಈ ಮೌನ ತಾನೇ ಬೆಳೆಸಿದ್ದು. ವರುಷಗಟ್ಟಲೆ ನೀರೆರೆದು ಬೆಳೆಸಿದ ಬೇಲಿ ಈಗ ತನ್ನ ದಾರಿಗೇ ಅಡ್ಡ ನಿಂತಿದೆ. ಹಿಂದಿನ ಬೆಂಚಿನಲ್ಲಿ ಮೇಡಂ ಗಡಿಯಾರ ನೋಡಿದರು. ಪೆಟ್ಟಿಗೆಯ ಮುಚ್ಚಳದ ಕಡೆ ನೋಡಿದರು. ಅಳು ಬಂದರೆ ಉಳ್ಳಾಗಡ್ಡಿಯ ನೆಪ ಹೇಳಬಹುದೆಂದು ಚನ್ನಾಂಬಿಕೆ ಯೋಚಿಸಿದಳು.

ಅಷ್ಟರಲ್ಲಿ ಯಂತ್ರದೊಳಗಿನ ಊರಿಗೆ ಗ್ರಹಣ ಹಿಡಿಯಿತು! ಸಾಲಿನ ಕೊನೆಗೆ ಉಳಿದು ಆಗಷ್ಟೇ ಕಣ್ಣು ಹಚ್ಚಿದ್ದ ಇನ್ನೊಬ್ಬ ಹುಡುಗಿ ಕತ್ತಲಾಯಿತೆಂದು ತಲೆಯೆತ್ತಿದಳು. ನೋಡಿದರೆ, ಕಿಟಕಿಯ ಸರಳುಗಳ ಹೊರಗೆ ಒಂದು ಬೋಳುತಲೆ ಬೆಳಕಿಗೆ ಅಡ್ಡವಾಗಿ ಉದಯಿಸಿದೆ. ಫಕ್ಕೀರಪ್ಪಜ್ಜ! ಇಡೀ ಪತ್ರಿಕೆಯನ್ನು, ಆರನೇ ಪುಟ ಸಹಿತ, ಓದಿ ಮುಗಿಸಿ, ತನ್ನ ಹಳೆಯ ಕೋಟೆಯಲ್ಲಿ ಏನು ನಡೆದಿದೆಯೆಂದು ಇಣುಕಲು ಬಂದಿದ್ದಾನೆ. ಆತನು ಮೇಜನ್ನು ನೋಡಿದ, ಯಂತ್ರವನ್ನು ನೋಡಿದ, ಉಳ್ಳಾಗಡ್ಡಿಯನ್ನು ನೋಡಿದ. ಆತನ ಹಣೆಯಲ್ಲಿ ಗೆರೆಗಳು ಮೂಡಿದವು. ಆತನ ಬಾಯಿ ತೆರೆಯಿತು.

"ತಂಗೀ, ಒಂದು ಮಾತು ಕೇಳ್ಲಿ..."

ಪ್ರಶ್ನೆ! ಯಾರೂ ಹೇಳಿಕೊಡದ, ತಾನಾಗಿ ಹುಟ್ಟಿದ, ಪರಿಶುದ್ಧ ಪ್ರಶ್ನೆ! ಕಾದಿದ್ದ ಆ ಮಹಾಮುಹೂರ್ತ ಬಂದೇ ಬಂತು! ಆಗ ಆ ಕಪಾಟುಸಂಕುಲರಕ್ಷಾಮಣಿ, ಆ ಹರಟೆಮಲ್ಲಮದಮರ್ದಿನಿ ಏನು ಮಾಡಿದಳು ಗೊತ್ತೇ? ಬೆರಳು ತಾನಾಗಿ ಎದ್ದಿತು. ತುಟಿಗೆ ತಾಗಿತು. ಹಲ್ಲು ಕೂಡಿತು.

"ಶ್!"

ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಕರೆಯುವ ಮಂತ್ರ ಆಕೆಗೆ ಗೊತ್ತಿರಲಿಲ್ಲ. ಬೆರಳು ತುಟಿಯ ಮೇಲೆಯೇ ಇತ್ತು, ಮುಖ ಕೆಂಪಾಗಿತ್ತು, ನೆಲ ಬಾಯ್ಬಿಟ್ಟರೆ ಇಳಿದು ಹೋಗುತ್ತಿದ್ದಳು. ಅಜ್ಜನಿಗೆ ಮಾತ್ರ ಎಂದಿನಂತೆ ಏನೂ ಕೇಳಿಸಿರಲಿಲ್ಲ.

"ಆಂ? ಏನಂದಿ?"

ಹಿಂದಿನ ಬೆಂಚಿನಿಂದ ಮೆಹರುನ್ನೀಸಾ ಮೇಡಂ ನಕ್ಕರು. ಎಷ್ಟು ಒತ್ತಿ ಹಿಡಿದರೂ ನಿಲ್ಲದ ನಗು. "ಈಗ ತಿಳೀತ ನೋಡ್ರಿ, ಈ ಹುಡುಗ್ರು ಯಾಕ ಬಾಯಿ ಬಿಡವಲ್ರು ಅಂತ!"

ಚನ್ನಾಂಬಿಕೆ ಬೆರಳನ್ನು ತುಟಿಯಿಂದ ಕೆಳಗಿಳಿಸಿದಳು. ಓದುಗರೇ, ಈ ವೀರಗಾಥೆಯಲ್ಲಿ ನಿಜವಾಗಿಯೂ ವೀರಕೃತ್ಯವೆನ್ನಬಹುದಾದದ್ದು ಇದೊಂದೇ. ಆ ಬೆರಳು ಇಳಿಯುವಾಗ ಬಂಡೆಯಷ್ಟು ಭಾರವಾಗಿತ್ತು. ಆಕೆ ಮಕ್ಕಳ ಕಡೆ ತಿರುಗಿ, "ತಪ್ಪಾತು, ನಂದ ತಪ್ಪಾತು" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಆ ಗ್ರಂಥಾಲಯದ ಗೋಡೆಗಳು ಹುಟ್ಟಿದಂದಿನಿಂದ ಕೇಳದ ಮಾತೊಂದನ್ನು ಕೂಗಿ ಹೇಳಿದಳು:

"ಕೇಳ್ರಿ ಅಜ್ಜಾರ! ಜೋರಾಗಿ ಕೇಳ್ರಿ!"

ಸಭೆಯೆಲ್ಲ ಕಿವಿಯಾಯಿತು. ಅಜ್ಜನು ಗಂಟಲು ಸರಿಮಾಡಿಕೊಂಡನು.

"ಅಲ್ಲ, ಆ ಉಳದದ್ದ ಉಳ್ಳಾಗಡ್ಡಿ ಏನ್ ಮಾಡ್ತೀರಿ? ಮನ್ಯಾಗ ಗಿರ್ಮಿಟ್ ಮಾಡಾಕತ್ತಾರ. ಉಳ್ಳಾಗಡ್ಡಿ ತೀರೇತಿ."

ಮಂಡಕ್ಕಿಯ ಗಿರ್ಮಿಟ್ಟಿಗೆ ಹಸಿ ಉಳ್ಳಾಗಡ್ಡಿ ಬೇಕು, ಅದು ಮನೆಯಲ್ಲಿಲ್ಲ, ಇಲ್ಲಿ ಅರ್ಧ ಹೋಳು ಸುಮ್ಮನೆ ಬಿದ್ದಿದೆ. ವಿಜ್ಞಾನವು ಬೆಳಗಲ್‌ಕೊಪ್ಪದಲ್ಲಿ ಪಡೆದ ಪ್ರಪ್ರಥಮ ಪ್ರಶ್ನೆ ಇದು.

ಮೊದಲು ರಕ್ಷಿತಾ ಕಿಸಕ್ಕೆಂದಳು. ನಕ್ಕವಳೇ ಹೆದರಿ ಚನ್ನಾಂಬಿಕೆಯ ಬೆರಳನ್ನು ನೋಡಿದಳು. ಬೆರಳು ಏಳಲಿಲ್ಲ. ಚನ್ನಾಂಬಿಕೆಯೇ ಹೊಟ್ಟೆ ಹಿಡಿದು ನಗುತ್ತಿದ್ದಳು. ಆಗ ಕಟ್ಟೆ ಒಡೆಯಿತು. ಮಕ್ಕಳೆಲ್ಲ ಗೊಳ್ಳೆಂದರು. ಆ ಗದ್ದಲದ ನಡುವೆಯೇ, ಇನ್ನೂ ಹೆದರಿಕೆ ಪೂರ್ತಿ ಹೋಗದ ದನಿಯಲ್ಲಿ, ರಕ್ಷಿತಾ ಕೇಳಿದಳು:

"ಅಕ್ಕೋರ, ಉಳ್ಳಾಗಡ್ಡಿ ಹೆಚ್ಚಿದ್ರ ಅಳು ಬರ್ತೈತೆಲ್ರಿ, ಆ ಅಳಸೂದು ಇದರಾಗ ಎಲ್ಲೈತ್ರಿ? ನಾ ಎಷ್ಟ ನೋಡಿದ್ರೂ ಕಾಣವಲ್ದು."

ಚನ್ನಾಂಬಿಕೆಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಒಪ್ಪಿಕೊಳ್ಳಬೇಕೆಂಬುದು ತರಬೇತಿಯಲ್ಲಿ ಮೇಡಂ ಹೇಳಿಕೊಟ್ಟ ಅತಿ ಕಠಿಣವಾದ ಪಾಠವಾಗಿತ್ತು. ಆಕೆ ಆ ಪಾಠ ಒಪ್ಪಿಸಿದಳು. "ನನಗೂ ಗೊತ್ತಿಲ್ಲವಾ. ಬಾ, ಹುಡುಕೂಣು."

ಅಕ್ಕೋರಿಗೇ ಗೊತ್ತಿಲ್ಲವಂತೆ! ಈ ಸುದ್ದಿ ಮಕ್ಕಳಿಗೆ ಸಕ್ಕರೆಯಂತೆ ಸಿಹಿಯಾಯಿತು. ನಮ್ಮ ತೊಗಲಿನಾಗೂ ಇಂಥ ಮನಿ ಅದಾವೇನ್ರಿ? ಮೆಣಸಿನಕಾಯಿ ಖಾರ ಕಾಣತೈತೇನ್ರಿ? ಕೊಳೆತ ಉಳ್ಳಾಗಡ್ಡಿ ಇಟ್ರ ಊರು ಬಿದ್ದಿರತೈತೇನ್ರಿ? ಒಬ್ಬರ ಮೇಲೊಬ್ಬರು ಬಿದ್ದು ಕೇಳಿದರು. ಮೇಡಂ ಎದ್ದು ಬಂದು, ಖಾಲಿ ಪೆಟ್ಟಿಗೆಯನ್ನು ಚನ್ನಾಂಬಿಕೆಯ ಕಪಾಟಿನ ಮೇಲೆ ತಾವೇ ಎತ್ತಿಟ್ಟರು. ಚನ್ನಾಂಬಿಕೆಯ ಕಣ್ಣಲ್ಲಿ ನೀರು ಬಂತು. ಆಕೆ ಉಳ್ಳಾಗಡ್ಡಿಯ ನೆಪ ಹೇಳಲಿಲ್ಲ. ಉಳ್ಳಾಗಡ್ಡಿ ಅಷ್ಟೊತ್ತಿಗೆ ಕಿಟಕಿಯ ಸರಳುಗಳ ನಡುವಿನಿಂದ ಅಜ್ಜನ ಕೈ ಸೇರಿ, ಗಿರ್ಮಿಟ್ಟಿನ ದಾರಿ ಹಿಡಿದಿತ್ತು.

ಇಷ್ಟೇ ನೋಡಿ ಆ ಮಹಾಸಮರದ ಫಲ. ಅರ್ಧ ಉಳ್ಳಾಗಡ್ಡಿ ಖರ್ಚು, ಒಂದು ಯಂತ್ರ ಲಾಭ.

ಮರುದಿನದಿಂದ ಪತ್ರಿಕೆ ಮತ್ತೆ ಹಾಳೆಹಾಳೆಯಾಯಿತು. ಕಿಟಕಿಯಲ್ಲಿ ಅರ್ಧ ಜಾಗ ಅಜ್ಜನಿಗೆ, ಅರ್ಧ ಯಂತ್ರಕ್ಕೆ ಎಂದು ತೀರ್ಮಾನವಾಯಿತು. ಮುಂಜಾನೆ ಶಾಲೆಗೆ ಹೋಗುವ ಮೊದಲು ಮಕ್ಕಳು ಇರುವೆಯ ಕಾಲು, ಮೆಣಸಿನ ಬೀಜ, ಯಾರದೋ ಉಗುರು, ಸಿಕ್ಕಿದ್ದನ್ನೆಲ್ಲ ಹೊತ್ತು ತಂದರು. ಶಾಲೆಯ ಗಂಟೆ ಹೊಡೆಯುವ ಮೊದಲೇ ನೋಡಬೇಕೆಂದು ಕನ್ನಡಿಗೆ ಮುಗಿಬಿದ್ದರು. ಚನ್ನಾಂಬಿಕೆಯಂತೂ ಎಲ್ಲರಿಗಿಂತ ಜೋರಾಗಿ, "ಅಯ್ಯ, ಇಲ್ಲಿ ನೋಡ್ರಿ, ಇದಕ್ಕ ಕೂದಲ ಅದಾವು!" ಎಂದು ಕೂಗಿದಳು. ಎಂಜಿನ್ನಿನ ಆರ್ಭಟವನ್ನೇ ಆಯುಷ್ಯವಿಡೀ ತಾಳಿಕೊಂಡಿದ್ದ ಕಿವಿಗಳಿಗೂ ಆ ಕೂಗು ಹೊಕ್ಕಿತು. ಮುಖಪುಟದಲ್ಲಿ ಮುಳುಗಿದ್ದ ಫಕ್ಕೀರಪ್ಪಜ್ಜ ಓದು ನಿಲ್ಲಿಸಿ, ಕನ್ನಡಕ ಸರಿಪಡಿಸಿಕೊಂಡು, ಗ್ರಂಥಪಾಲಕಿಯ ಕಡೆ ತಿರುಗಿ, ತೋರುಬೆರಳನ್ನು ತುಟಿಗೆ ಹಚ್ಚಿದನು.

"ಶ್!"